ಹೀಲರ್‌ಗಳ ಮಾನಾಕ್ಕೆ ಕೈ ಹಾಕುವ ಮೊದಲು

ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳ ಸಮತೋಲನ ತಂಡಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಟದ ಪ್ರತಿ ಪ್ಯಾಚ್ (ಪರಿಷ್ಕರಣೆ) ಜೊತೆಗೂ ನೀವು ಬದಲಾವಣೆಗಳ ಪಟ್ಟಿಯೊಂದನ್ನು ಹೊರಡಿಸುತ್ತೀರಿ. ಅದರಲ್ಲಿ ಹೀಲರ್‌ಗಳ, ಅಂದರೆ ಜೊತೆಗಾರರ ಗಾಯ ಗುಣಪಡಿಸುವ ಪಾತ್ರಗಳ, ಹೆಸರಿನ ಕೆಳಗಿರುವ ಸಾಲುಗಳನ್ನಷ್ಟೇ ಓದಿದರೆ ನಮಗೆ ಏನಾಗಿದೆ ಎಂಬುದು ಅರ್ಧವೂ ತಿಳಿಯುವುದಿಲ್ಲ. ಬಾಸ್‌ನ (ಗುಂಪಾಗಿ ಸೋಲಿಸಬೇಕಾದ ದೊಡ್ಡ ಶತ್ರುವಿನ) ಆರೋಗ್ಯ ಹೆಚ್ಚಿಸಿದ್ದು, ಬಿಲ್ಲುಗಾರರ ಬಾಣದ ಪೆಟ್ಟು ತಗ್ಗಿಸಿದ್ದು, ಮುಂದೆ ನಿಂತು ಶತ್ರುವಿನ ಪೆಟ್ಟು ತಡೆದುಕೊಳ್ಳುವ ಟ್ಯಾಂಕ್‌ನ ರಕ್ಷಾಕವಚದ ಲೆಕ್ಕ ಬದಲಿಸಿದ್ದು, ಎಲ್ಲವೂ ಕೊನೆಗೆ ಬಂದು ಸೇರುವುದು ನಮ್ಮ ಪರದೆಯ ಮೇಲಿನ ನೀಲಿ ಪಟ್ಟಿಗೆ, ಅಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿಯಾದ ಮಾನಾದ ಅಳತೆಗೆ. ನಾನು ಹಲವು ವರ್ಷಗಳಿಂದ, ಹಲವು ಆಟಗಳಲ್ಲಿ, ಹೀಲರ್ ಪಾತ್ರವನ್ನೇ ಆರಿಸಿಕೊಂಡು ಆಡುತ್ತ ಬಂದಿದ್ದೇನೆ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ: ಆಟದಲ್ಲಿ ಯಾವುದನ್ನೇ ಬದಲಿಸಿದರೂ ಅದು ಹೀಲರ್‌ನ ಮಾನಾದ ಮೇಲೆ ಎಷ್ಟು ಹೊರೆ ಹೊರಿಸುತ್ತದೆ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ನಮಗೂ ತಿಳಿಸಿ.

ಲೆಕ್ಕ ಎಂದರೆ ಎಂಥದ್ದು ಎಂದು ಇಲ್ಲೇ ಹೇಳಿಬಿಡುತ್ತೇನೆ. ಹೀಲರ್ ಬಳಿ 1,00,000 ಮಾನಾ ಇದೆ, ಸೆಕೆಂಡಿಗೆ 500ರಂತೆ ಮರಳಿ ತುಂಬುತ್ತದೆ ಎಂದು ಇಟ್ಟುಕೊಳ್ಳೋಣ. ಬಾಸ್ ಜೊತೆಗಿನ ಕಾಳಗ 300 ಸೆಕೆಂಡಿಗೆ ಮುಗಿದರೆ ಕೈಗೆ ಸಿಗುವ ಒಟ್ಟು ಮಾನಾ 2,50,000. ಅಂದರೆ 5,000 ಮಾನಾ ಬೇಡುವ ಮಂತ್ರವೊಂದನ್ನು ಆರು ಸೆಕೆಂಡಿಗೊಮ್ಮೆ ಪ್ರಯೋಗಿಸಬಹುದು. ನುರಿತ ಗುಂಪು ಅದೇ ಬಾಸನ್ನು 200 ಸೆಕೆಂಡಿನಲ್ಲಿ ಕೆಡವುತ್ತದೆ. ಅಲ್ಲಿನ ಹೀಲರ್‌ಗೆ ಸಿಗುವುದು 2,00,000 ಮಾತ್ರ, ಆದರೆ ಐದು ಸೆಕೆಂಡಿಗೊಂದು ಮಂತ್ರ ಹಾಕಲು ಅದು ಸಾಕು. ಹೊಸಬರ ಗುಂಪಿಗೆ 420 ಸೆಕೆಂಡು ಹಿಡಿಯಿತು ಎನ್ನಿ. ಅವರ ಹೀಲರ್‌ಗೆ 3,10,000 ಮಾನಾ ದಕ್ಕಿದರೂ ಮಂತ್ರಕ್ಕೂ ಮಂತ್ರಕ್ಕೂ ನಡುವೆ ಹೆಚ್ಚುಕಡಿಮೆ ಏಳು ಸೆಕೆಂಡಿನ ಅಂತರ ಇಟ್ಟುಕೊಳ್ಳಬೇಕು. ಸಾಲದ್ದಕ್ಕೆ ಬೆಂಕಿಯ ವೃತ್ತದಿಂದ ತಡವಾಗಿ ಹೊರಬರುವವರು, ಬಾಸ್‌ನ ಮಂತ್ರವನ್ನು ತಡೆಯಲು ಮರೆಯುವವರು ಹೆಚ್ಚಾಗಿ ಇರುವುದೂ ಅದೇ ಗುಂಪಿನಲ್ಲಿ. ಯಾರಿಗೆ ಹೆಚ್ಚು ಗುಣಪಡಿಸಬೇಕೋ ಅವರಿಗೇ ಸೆಕೆಂಡಿಗೆ ಸಿಗುವ ಮಾನಾ ಕಡಿಮೆ. ಸಮತೋಲನದ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

ಈಗ ನೀವು ಹೀಲರ್‌ಗಳನ್ನು ಮುಟ್ಟದೆ, ದಾಳಿ ಮಾಡುವವರ ಪೆಟ್ಟನ್ನು ಮಾತ್ರ ಶೇಕಡಾ 10ರಷ್ಟು ಇಳಿಸಿದಿರಿ ಎಂದುಕೊಳ್ಳಿ. 300 ಸೆಕೆಂಡಿನ ಕಾಳಗ 333 ಸೆಕೆಂಡಿಗೆ ಹಿಗ್ಗುತ್ತದೆ. ಬಾಸ್ ಅದೇ ವೇಗದಲ್ಲಿ ಹೊಡೆಯುತ್ತಿರುವುದರಿಂದ ನಾವು ತುಂಬಿಕೊಡಬೇಕಾದ ಆರೋಗ್ಯ ಶೇಕಡಾ 11ರಷ್ಟು ಏರುತ್ತದೆ. ಆದರೆ ಮೊದಲಿನ ಸಂಗ್ರಹ ಅಷ್ಟೇ ಇದ್ದು, ಹೆಚ್ಚಿನ ಸೆಕೆಂಡುಗಳ ತುಂಬುವಿಕೆಯಷ್ಟೇ ಹೊಸದಾಗಿ ಸಿಗುತ್ತದೆ. ಹಾಗಾಗಿ ಒಟ್ಟು ಮಾನಾ ಏರುವುದು ಶೇಕಡಾ 7ಕ್ಕಿಂತ ಕಡಿಮೆ. ಉಳಿದ ಕೊರತೆಯನ್ನು ಭರಿಸುವವರು ಯಾರು? ಪಟ್ಟಿಯಲ್ಲಿ ಹೀಲರ್ ಎಂಬ ಹೆಸರೇ ಇಲ್ಲ. ಮರುದಿನ ಗುಂಪು ಸೋತಾಗ ಮಾತ್ರ ಎಲ್ಲರ ಬಾಯಲ್ಲೂ ಆ ಹೆಸರು ಇರುತ್ತದೆ, ಏಕೆಂದರೆ ಮಾನಾ ಖಾಲಿಯಾಗಿದ್ದು ಎಲ್ಲರಿಗೂ ಕಾಣುತ್ತದೆ. ದಾಳಿ ನಿಧಾನವಾಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೇರವಾಗಿ ಮಾನಾವನ್ನೇ ಬದಲಿಸುವಾಗಲೂ ಎಲ್ಲ ದಾರಿಗಳೂ ಒಂದೇ ಅಲ್ಲ. ಸಂಗ್ರಹವನ್ನು ಶೇಕಡಾ 10 ಕಡಿತಗೊಳಿಸಿದರೆ, ಮೇಲಿನ ಉದಾಹರಣೆಯಲ್ಲಿ, 120 ಸೆಕೆಂಡಿನ ಚಿಕ್ಕ ಕಾಳಗದಲ್ಲಿ ಶೇಕಡಾ 6ಕ್ಕೂ ಹೆಚ್ಚು ಮಾನಾ ಹೋಗುತ್ತದೆ, 600 ಸೆಕೆಂಡಿನದರಲ್ಲಿ ಶೇಕಡಾ 2.5 ಮಾತ್ರ. ತುಂಬುವ ವೇಗವನ್ನು ಅಷ್ಟೇ ಪ್ರಮಾಣದಲ್ಲಿ ಕಡಿತಗೊಳಿಸಿದರೆ ಪರಿಣಾಮ ತಿರುವುಮುರುವಾಗುತ್ತದೆ: ಚಿಕ್ಕ ಕಾಳಗದಲ್ಲಿ ಶೇಕಡಾ 4ಕ್ಕಿಂತ ಕಡಿಮೆ, ದೀರ್ಘ ಕಾಳಗದಲ್ಲಿ ಶೇಕಡಾ 7.5. ದೀರ್ಘ ಕಾಳಗ ಯಾರದು ಎಂದು ಮೇಲೆ ಹೇಳಿದ್ದೇನೆ. ಇನ್ನು ಒಂದು ಮಂತ್ರದ ಬೆಲೆ ಏರಿಸುವುದು. ಅದು ಆ ಮಂತ್ರವನ್ನು ನೆಚ್ಚಿಕೊಂಡವರನ್ನು ಮಾತ್ರ ತಟ್ಟುತ್ತದೆ, ಮತ್ತು ಅವರಿಗೆ ಬೇರೆ ಮಂತ್ರದತ್ತ ಹೊರಳುವ ಅವಕಾಶ ಉಳಿಯುತ್ತದೆ. ಮೂರರಲ್ಲಿ ನನಗೆ ನ್ಯಾಯವೆನ್ನಿಸುವುದು ಇದೇ. ಬೆಲೆ ಬದಲಾದರೆ ನಾವು ಯೋಚಿಸುವ ರೀತಿ ಬದಲಾಗುತ್ತದೆ. ತುಂಬುವ ವೇಗ ಇಳಿದರೆ ಎಲ್ಲವೂ ಇದ್ದಂತೆಯೇ ಇದ್ದು ಸೊರಗುತ್ತದೆ, ಅಷ್ಟೆ.

ಮಾನಾ ಎಂಬುದು ತೊಂದರೆಯ ಮೂಲವಾದರೆ ಅದನ್ನು ತೆಗೆದೇಬಿಡೋಣ ಎಂಬ ಉತ್ತರ ನಿಮ್ಮಲ್ಲಿ ಕೆಲವರಿಂದ ಬರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಈ ಪತ್ರ ಮಾನಾದ ವಿರುದ್ಧ ಬರೆದದ್ದಲ್ಲ.

1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಕ್ಲೆರಿಕ್ ಎಂಬ ಹೀಲರ್‌ಗಳು ಕಾಳಗದ ನಡುವೆಯೇ ನೆಲದ ಮೇಲೆ ಕುಳಿತು ಧ್ಯಾನ ಮಾಡಿ ಮಾನಾ ತುಂಬಿಸಿಕೊಳ್ಳುತ್ತಿದ್ದರು. ಕಂಪ್ಲೀಟ್ ಹೀಲಿಂಗ್ ಎಂಬ ಮಂತ್ರಕ್ಕೆ 400 ಮಾನಾ, ಪೂರ್ಣಗೊಳ್ಳಲು ಹತ್ತು ಸೆಕೆಂಡು. ದೊಡ್ಡ ಬಾಸ್‌ಗಳ ಎದುರು ಹಲವು ಕ್ಲೆರಿಕ್‌ಗಳು ಸರದಿ ಕಟ್ಟಿ, ಒಬ್ಬರ ಮಂತ್ರ ಮುಗಿದ ಕೆಲವೇ ಸೆಕೆಂಡಿಗೆ ಇನ್ನೊಬ್ಬರದು ಬೀಳುವಂತೆ ನಡೆಸುತ್ತಿದ್ದರು. ಸರದಿಯ ನಡುವಿನ ಬಿಡುವಿನಲ್ಲಿ ಕುಳಿತು ತುಂಬಿಸಿಕೊಳ್ಳುವುದೂ ಆಟದ ಭಾಗ. ಮಂತ್ರಗಳು ನಿಧಾನ, ಆದರೆ ಪ್ರತಿಯೊಂದಕ್ಕೂ ತೂಕವಿತ್ತು.

2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ ಐದು ಸೆಕೆಂಡಿನ ನಿಯಮ ಬಂತು. ಮಾನಾ ಖರ್ಚು ಮಾಡಿದ ಮೇಲೆ ಐದು ಸೆಕೆಂಡು, ಪಾತ್ರದ ಸ್ಪಿರಿಟ್ ಎಂಬ ಗುಣದಿಂದ ಬರುವ ತುಂಬುವಿಕೆ ನಿಲ್ಲುತ್ತಿತ್ತು. ಆದ್ದರಿಂದ ಯಾವಾಗ ಮಂತ್ರ ಹಾಕಬಾರದು ಎಂದು ಅರಿಯುವುದೇ ಪ್ರೀಸ್ಟ್ ಎಂಬ ಹೀಲರ್‌ನ ಮುಖ್ಯ ವಿದ್ಯೆಯಾಯಿತು. ಮಾನಾ ಕಳೆಯುತ್ತಿದ್ದುದು ಮಂತ್ರ ಪೂರ್ಣಗೊಂಡಾಗ. ದೊಡ್ಡ ಹೀಲ್ (ಗುಣಪಡಿಸುವ ಮಂತ್ರ) ಶುರು ಮಾಡಿ, ಪೆಟ್ಟು ಬೀಳದಿದ್ದರೆ ಕೊನೆಯ ಗಳಿಗೆಯಲ್ಲಿ ರದ್ದು ಮಾಡಿ ಮತ್ತೆ ಶುರು ಮಾಡುವುದನ್ನು ಜನ ಕಲಿತರು. ಎತ್ತರದ ಹಂತದ ಪಾತ್ರವೂ ಹಳೆಯ, ಕೆಳ ದರ್ಜೆಯ ಹೀಲ್‌ಗಳನ್ನು ಮಂತ್ರಗಳ ಪಟ್ಟಿಯಲ್ಲಿ ಇಟ್ಟುಕೊಂಡು, ಸಣ್ಣ ಗಾಯಕ್ಕೆ ಸಣ್ಣ ಹೀಲ್ ಹಾಕುತ್ತಿತ್ತು. ಡೌನ್‌ರ್ಯಾಂಕಿಂಗ್ ಎಂದು ಕರೆಯುತ್ತಿದ್ದ ಈ ಕ್ರಮವನ್ನು ವಿನ್ಯಾಸಕರು ಮೊದಲು ದಂಡ ಹಾಕಿ ತಡೆದರು. 2008ರಲ್ಲಿ ಎಲ್ಲ ದರ್ಜೆಗಳಿಗೂ ಒಂದೇ ಬೆಲೆ ಇಟ್ಟು ಅದಕ್ಕೆ ಅರ್ಥವೇ ಇಲ್ಲದಂತೆ ಮಾಡಿದರು. ಗುಂಡಿಗಳ ಗೊಂದಲ ಕಡಿಮೆಯಾಯಿತು ಎಂಬುದು ನಿಜ. ಆದರೆ ಎಷ್ಟು ಗಾಯಕ್ಕೆ ಎಷ್ಟು ಮದ್ದು ಎಂಬ ಪ್ರಶ್ನೆಯೇ ಹೀಲರ್ ಕೈಯಿಂದ ಜಾರಿತು. 2019ರಲ್ಲಿ ಆಟದ ಕ್ಲಾಸಿಕ್ ರೂಪ ಬಂದಾಗ ಹಲವರು ಅದೇ ಹಳೆಯ ದರ್ಜೆಗಳನ್ನು ಮತ್ತೆ ಪಟ್ಟಿಗೆ ಸೇರಿಸಿಕೊಂಡದ್ದು ಬರಿಯ ಹಳೆಯ ನೆನಪಿನ ಮೋಹದಿಂದ ಎಂದು ನನಗೆ ಅನ್ನಿಸುವುದಿಲ್ಲ.

ಮಾನಾಕ್ಕೆ ಬೆಲೆ ಇಲ್ಲದಾದಾಗ ಏನಾಗುತ್ತದೆ ಎಂಬುದಕ್ಕೆ ಅದೇ ಆಟದ ರಾತ್ ಆಫ್ ದಿ ಲಿಚ್ ಕಿಂಗ್ ವಿಸ್ತರಣೆಯ (ಆಟಕ್ಕೆ ಸೇರಿದ ದೊಡ್ಡ ಹೊಸ ಭಾಗದ) ಕೊನೆಯ ದಿನಗಳು ಸಾಕ್ಷಿ. ಗೇರ್ (ಪಾತ್ರಗಳು ತೊಡುವ ಕವಚ, ಆಯುಧ, ಉಂಗುರ) ಸುಧಾರಿಸಿದಂತೆ ಮಾನಾ ಹೆಚ್ಚುಕಡಿಮೆ ಮುಗಿಯದ ಹೊಳೆಯಾಯಿತು. ಹೀಲರ್ ಸುಸ್ತಾಗದಿದ್ದರೆ ಬಾಸ್ ಹೆದರಿಸುವುದು ಹೇಗೆ? ಒಂದೇ ದಾರಿ ಉಳಿಯಿತು: ತುಂಬಿದ ಆರೋಗ್ಯವನ್ನು ಒಂದೆರಡು ಪೆಟ್ಟಿಗೆ ಸೊನ್ನೆಗೆ ಇಳಿಸುವುದು. ಆಗ ಹೀಲರ್ ಕೆಲಸ ಅತಿ ದೊಡ್ಡ, ಅತಿ ವೇಗದ ಮಂತ್ರವನ್ನು ಬಿಡದೆ ಒತ್ತುತ್ತಲೇ ಇರುವುದಾಯಿತು. ಗುಣಪಡಿಸಿದ್ದರಲ್ಲಿ ದೊಡ್ಡ ಪಾಲು ಓವರ್‌ಹೀಲಿಂಗ್ ಆಗಿ, ಅಂದರೆ ಆಗಲೇ ತುಂಬಿದ ಆರೋಗ್ಯದ ಮೇಲೆ ಬಿದ್ದು, ವ್ಯರ್ಥವಾದರೂ ಯಾರೂ ಚಿಂತಿಸಬೇಕಿರಲಿಲ್ಲ. ಇದರಿಂದ ಹೆಚ್ಚು ಪೆಟ್ಟು ತಿಂದವರು ಯಾರು ಎಂದು ದಯವಿಟ್ಟು ಗಮನಿಸಿ. ಇಂಟರ್‌ನೆಟ್ ಸಂಪರ್ಕ ನಿಧಾನವಾಗಿರುವವರು, ಸರ್ವರ್‌ನಿಂದ ದೂರದ ದೇಶಗಳಲ್ಲಿರುವವರು, ವಯಸ್ಸಾದವರು, ಬೆರಳುಗಳ ಚಲನೆಗೆ ತೊಡಕಿರುವವರು. ಮಾನಾ ಇದ್ದ ಆಟದಲ್ಲಿ ಇವರು ಮುಂದಾಲೋಚನೆಯಿಂದ ಗೆಲ್ಲಬಹುದಿತ್ತು: ಮುಂದಿನ ಒಂದು ನಿಮಿಷದಲ್ಲಿ ಏನು ಬರಲಿದೆ, ಈಗ ಯಾರನ್ನು ಅರ್ಧ ಆರೋಗ್ಯದಲ್ಲಿ ಬಿಟ್ಟರೂ ನಡೆಯುತ್ತದೆ ಎಂದು ಯೋಚಿಸಿ ನಡೆಸಬಹುದಿತ್ತು. ಮಾನಾ ಹೋದ ಮೇಲೆ ಉಳಿದದ್ದು ಪ್ರತಿಕ್ರಿಯೆಯ ವೇಗ ಒಂದೇ. ವೇಗದ ಆಟಗಳನ್ನು ಪ್ರೀತಿಸುವವರಿಗೆ ಬೇರೆ ಬೇಕಾದಷ್ಟು ಆಟಗಳಿವೆ. ಯೋಚಿಸಿ ಕಾಪಾಡುವವರಿಗೆ ಇದ್ದ ಜಾಗ ಇದು.

ಮುಂದಿನ ವಿಸ್ತರಣೆ ಕ್ಯಾಟಕ್ಲಿಸಮ್ 2010ರ ಡಿಸೆಂಬರ್‌ನಲ್ಲಿ ಬಂತು. ವಿನ್ಯಾಸಕರು ಕಾಯಿಲೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಆಟಗಾರರ ಆರೋಗ್ಯ ಹಿಗ್ಗಿತು, ಒಂದೊಂದು ಹೀಲ್ ತುಂಬುವ ಪಾಲು ಕುಗ್ಗಿತು. ನಿಧಾನದ ಅಗ್ಗದ ಹೀಲ್, ನಿಧಾನದ ದೊಡ್ಡ ಹೀಲ್, ದುಬಾರಿಯ ವೇಗದ ಹೀಲ್ ಎಂಬ ಮೂರು ಆಯ್ಕೆಗಳು ಬಂದವು. ಯಾರು ಗಾಯಗೊಂಡರೂ ಕೂಡಲೇ ಪೂರ್ತಿ ತುಂಬಿಸದೆ, ಯಾರನ್ನು ಮೊದಲು ಎಂದು ವಿವೇಚಿಸಬೇಕಾದ ದಿನಗಳು ಅವು. ಹೀಲರ್ ಆಟದ ಇತಿಹಾಸದಲ್ಲಿ ಇಷ್ಟು ಒಳ್ಳೆಯ ಉದ್ದೇಶದ ಬದಲಾವಣೆ ಮತ್ತೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಆದರೂ ಅದು ಅನೇಕ ಹೀಲರ್‌ಗಳ ಮನಸ್ಸು ಮುರಿಯಿತು. ಮಾನಾ ಬಿಗಿಯಾದದ್ದು, ಡಂಜನ್‌ಗಳು (ಚಿಕ್ಕ ಗುಂಪು ಒಟ್ಟಾಗಿ ಹೊಕ್ಕು ಹೋರಾಡುವ ಜಾಗಗಳು) ಕಠಿಣವಾದದ್ದು, ಎಲ್ಲರ ಗೇರ್ ಹೊಸದಾಗಿ ದುರ್ಬಲವಾಗಿದ್ದದ್ದು, ಮೂರೂ ಒಂದೇ ವಾರ ಬಂದವು. ಆಟವೇ ತಾನಾಗಿ ಜೋಡಿಸಿದ ಅಪರಿಚಿತರ ಗುಂಪುಗಳಲ್ಲಿ ದಾಳಿಗಾರರು ಹಳೆಯ ರೂಢಿಯಂತೆ ಬೆಂಕಿಯಲ್ಲಿ ನಿಂತರು, ಟ್ಯಾಂಕ್‌ಗಳು ಹಳೆಯ ರೂಢಿಯಂತೆ ಹೀಲರ್‌ನ ಮಾನಾ ನೋಡದೆ ಮುಂದಿನ ಶತ್ರುಗಳನ್ನು ಎಳೆದು ತಂದರು. ಆಟದ ನಿಯಮ ಬದಲಾಗಿದೆ ಎಂದು ತಿಳಿದದ್ದು ಹೀಲರ್‌ಗೆ ಮಾತ್ರ. ಆಗ ಆ ಆಟದ ವ್ಯವಸ್ಥೆಗಳ ಪ್ರಧಾನ ವಿನ್ಯಾಸಕರಾಗಿದ್ದ ಗ್ರೆಗ್ ಸ್ಟ್ರೀಟ್ 2011ರ ಜನವರಿಯಲ್ಲಿ ಡಂಜನ್‌ಗಳ ಈ ಕಷ್ಟವನ್ನು ಸಮರ್ಥಿಸಿ ಒಂದು ದೀರ್ಘ ಲೇಖನವನ್ನೇ ಬರೆದರು. ಅವರ ವಾದದಲ್ಲಿ ಹುರುಳಿತ್ತು. ಆದರೆ ಅದು ಬರುವ ಹೊತ್ತಿಗೆ ಬೈಗುಳ ತಿಂದವರು ತಿಂದಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಗುಂಪಿನಲ್ಲಿ ಕೊರತೆ ಇರುವ ಪಾತ್ರವನ್ನು ವಹಿಸಲು ಮುಂದೆ ಬಂದವರಿಗೆ ಹೆಚ್ಚುವರಿ ಬಹುಮಾನ ಕೊಡುವ ವ್ಯವಸ್ಥೆ ಶುರುವಾಯಿತು. ಫೈನಲ್ ಫ್ಯಾಂಟಸಿ 14ರಲ್ಲೂ ಇಂಥದ್ದು ಇದೆ. ಬಹುಮಾನ ಬೇಡವೆನ್ನುವುದಿಲ್ಲ, ಆದರೆ ಅದರಿಂದ ಬಂದವರನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಹೋಲಿಕೆಗಾಗಿ ಫೈನಲ್ ಫ್ಯಾಂಟಸಿ 14ರ ಕಥೆಯನ್ನೂ ನೋಡಬೇಕು. 2019ರ ಶ್ಯಾಡೋಬ್ರಿಂಗರ್ಸ್ ವಿಸ್ತರಣೆಯಿಂದ ಅಲ್ಲಿ ಎಲ್ಲರಿಗೂ ಎಂಪಿ (ಮಾನಾಕ್ಕೆ ಆ ಆಟದ ಹೆಸರು) 10,000ಕ್ಕೆ ಸ್ಥಿರ. ಮೂರು ಸೆಕೆಂಡಿಗೊಮ್ಮೆ 200 ಮರಳುತ್ತದೆ, ಪಯಟಿ ಗುಣ ಅದನ್ನು ಸ್ವಲ್ಪ ಏರಿಸುತ್ತದೆ, ಲೂಸಿಡ್ ಡ್ರೀಮಿಂಗ್ ಒತ್ತಿದರೆ 21 ಸೆಕೆಂಡಿನಲ್ಲಿ ಇನ್ನಷ್ಟು ಬರುತ್ತದೆ. ಲೆಕ್ಕ ಎಷ್ಟು ತಿಳಿಯಾಗಿದೆ ನೋಡಿ. ಹೊಸಬರಿಗೂ ಅರ್ಥವಾಗುತ್ತದೆ, ಅದಕ್ಕೆ ಆ ತಂಡವನ್ನು ಮೆಚ್ಚುತ್ತೇನೆ. ಆದರೆ ಸತ್ತವರನ್ನು ಎಬ್ಬಿಸುವ ಮಂತ್ರಕ್ಕೆ 2,400 ಎಂಪಿ, ಅಂದರೆ ಸಂಗ್ರಹದ ಕಾಲುಭಾಗದಷ್ಟು. ಯಾರೂ ಸಾಯದ ಗುಂಪಿನಲ್ಲಿ ಪಟ್ಟಿ ಅಲುಗುವುದೇ ಇಲ್ಲ ಎನ್ನಬಹುದು, ಹೀಲರ್ ಹೆಚ್ಚು ಹೊತ್ತು ಒಂದೇ ದಾಳಿಮಂತ್ರವನ್ನು ಒತ್ತುತ್ತ ಕಳೆಯುತ್ತಾರೆ. ಇಬ್ಬರು ಮೂವರು ಸತ್ತರೆ ಅದೇ ಪಟ್ಟಿ ಒಮ್ಮೆಲೇ ತಳ ಕಾಣುತ್ತದೆ. ಅನುಭವಿಗೆ ಮಾನಾದಿಂದ ಯಾವ ಸವಾಲೂ ಇಲ್ಲ, ಹೊಸಬರಿಗೆ ಬೇರೆಯವರ ತಪ್ಪಿನ ದಂಡ. 2024ರಲ್ಲಿ ಡಾನ್‌ಟ್ರೇಲ್ ವಿಸ್ತರಣೆ ಬರುವ ಹೊತ್ತಿಗೆ ಆ ಆಟದ ಒಂದಷ್ಟು ಹೀಲರ್‌ಗಳು ಮುಷ್ಕರದ ಕರೆ ಕೊಟ್ಟರು. ತಮ್ಮ ಪಾತ್ರದಲ್ಲಿ ಮಾಡಲು ಏನೂ ಉಳಿದಿಲ್ಲ ಎಂಬುದು ಅವರ ಅಳಲು. ಅದನ್ನು ಅತಿರೇಕ ಎಂದು ತಳ್ಳಿಹಾಕುವುದು ಸುಲಭ. ಕಾಪಾಡುವ ಕೆಲಸವನ್ನು ಇಷ್ಟಪಟ್ಟು ಆರಿಸಿಕೊಂಡವರು ಆ ಕೆಲಸವೇ ಸಿಗುತ್ತಿಲ್ಲ ಎಂದಾಗ ಕಿವಿಗೊಡುವುದು ನಿಮ್ಮ ಹೊಣೆ.

ಮಾನಾ ಇಲ್ಲದೆಯೂ ಆಟ ಕಟ್ಟಬಹುದು, ಒಪ್ಪುತ್ತೇನೆ. 2012ರ ಗಿಲ್ಡ್ ವಾರ್ಸ್ 2 ಮಾನಾವನ್ನೂ ಬಿಟ್ಟಿತು, ಮೀಸಲು ಹೀಲರ್ ಪಾತ್ರವನ್ನೂ ಬಿಟ್ಟಿತು. 2015ರಲ್ಲಿ ರೇಡ್‌ಗಳು (ದೊಡ್ಡ ಗುಂಪಿನ ಕಠಿಣ ಕಾಳಗಗಳು) ಬಂದಾಗ ಡ್ರೂಯಿಡ್ ಎಂಬ ಪಾತ್ರದ ರೂಪದಲ್ಲಿ ಹೀಲರ್ ಮರಳಿ ಬರಬೇಕಾಯಿತು. ಜೊತೆಗಾರರನ್ನು ಬದುಕಿಸಿ ಇಡುವುದರಲ್ಲೇ ಸಂತೋಷ ಕಾಣುವ ಆಟಗಾರರು ಇರುತ್ತಾರೆ. ಎಲ್ಲ ಆಟಗಳಲ್ಲೂ ಇರುತ್ತಾರೆ.

ಇನ್ನು, ಒಂದು ವಿಸ್ತರಣೆಯ ಆರಂಭದಲ್ಲಿ ಮಾನಾ ಬಿಗಿ, ಕೊನೆಯಲ್ಲಿ ಧಾರಾಳ ಎಂಬ ಹಳೆಯ ಸಮಸ್ಯೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ 2012ರ ವಿಸ್ತರಣೆ ಮಿಸ್ಟ್ಸ್ ಆಫ್ ಪಂಡಾರಿಯಾದಲ್ಲಿ ಗರಿಷ್ಠ ಹಂತದ ಹೀಲರ್‌ಗಳ ಸಂಗ್ರಹವನ್ನು 3,00,000ಕ್ಕೆ ಕಟ್ಟಿಹಾಕಿ ಇದನ್ನು ಪರಿಹರಿಸಲು ಯತ್ನಿಸಿದರು. ಸ್ಪಿರಿಟ್ ಉಳಿದಿದ್ದರಿಂದ ಗೇರ್ ಬೆಳೆದಂತೆ ತುಂಬುವ ವೇಗವೂ ಬೆಳೆಯಿತು. 2016ರ ಲೀಜನ್‌ನಲ್ಲಿ ಸ್ಪಿರಿಟ್ಟೇ ಹೋಯಿತು. ಲೆಕ್ಕ ಸ್ಥಿರವಾಯಿತು, ಜೊತೆಗೆ ಹೀಲರ್ ಕೈಯಲ್ಲಿದ್ದ ಒಂದು ಆಯ್ಕೆಯೂ ಹೋಯಿತು. ಮೊದಲು ಮಾನಾ ಸಾಲದ ಹೊಸ ಹೀಲರ್ ಸ್ಪಿರಿಟ್ ಹೆಚ್ಚಿರುವ ಉಂಗುರ ತೊಟ್ಟು, ಹೀಲ್‌ನ ಬಲ ಸ್ವಲ್ಪ ಬಿಟ್ಟುಕೊಟ್ಟು, ಉಸಿರಾಡಬಹುದಿತ್ತು. ಅನುಭವ ಬಂದಂತೆ ಅದನ್ನು ಕಳಚಿಡಬಹುದಿತ್ತು. ಆಟಗಾರರ ಬಳಿ ಇಂಥ ಆಯ್ಕೆ ಇಲ್ಲದಾದಾಗ ನಿಮ್ಮ ಪ್ಯಾಚ್‌ನ ಪ್ರತಿ ಅಂಕಿಯೂ ನೇರವಾಗಿ ಮೈಮೇಲೆ ಬೀಳುತ್ತದೆ. ಹಾಗಾಗಿ ಆ ಅಂಕಿಗಳನ್ನು ಇನ್ನಷ್ಟು ಎಚ್ಚರದಿಂದ ಬರೆಯಬೇಕಾಗುತ್ತದೆ.

ನೀವು ಮಾಡಬಹುದಾದದ್ದು ಇಷ್ಟಿದೆ. ಪ್ರತಿ ಕಾಳಗದ ಕೊನೆಯಲ್ಲಿ ಹೀಲರ್ ಬಳಿ ಎಷ್ಟು ಮಾನಾ ಉಳಿದಿತ್ತು ಎಂಬ ದಾಖಲೆ ನಿಮ್ಮ ಸರ್ವರ್‌ಗಳಿಗೆ ಸಿಗದ ಸಂಗತಿಯಲ್ಲ. ಅಗ್ರಶ್ರೇಣಿಯ ಗಿಲ್ಡ್‌ಗಳ (ಆಟಗಾರರ ಸಂಘಗಳ) ಅಂಕಿಗಳನ್ನು ಪಕ್ಕಕ್ಕಿಟ್ಟು ನಡುವಿನ ಗುಂಪುಗಳದನ್ನು ನೋಡಿ: ಬಾಸ್ ಬಿದ್ದಾಗ ಎಷ್ಟು ಉಳಿದಿತ್ತು, ಗುಂಪು ಸೋತಾಗ ಮಾನಾ ಮುಗಿದು ಎಷ್ಟು ಹೊತ್ತಾಗಿತ್ತು. ಬದಲಾವಣೆಯ ಪಟ್ಟಿಯಲ್ಲಿ ಆ ಅಂಕಿ ಮೊದಲು ಎಷ್ಟಿತ್ತು, ಇನ್ನು ಮುಂದೆ ಎಷ್ಟಿರಬೇಕೆಂದು ನೀವು ಬಯಸುತ್ತೀರಿ ಎಂದು ಒಂದು ಸಾಲು ಬರೆಯಿರಿ. ದಾಳಿಗಾರರ ಪೆಟ್ಟು ಬದಲಿಸಿದ ಪ್ಯಾಚ್‌ನಲ್ಲೂ ಈ ಸಾಲು ಇರಲಿ. ಪರೀಕ್ಷಾ ಸರ್ವರ್‌ನಲ್ಲಿ ಅತ್ಯುತ್ತಮ ಗೇರ್ ತೊಡಿಸಿದ ಪಾತ್ರಗಳನ್ನು ಕೊಟ್ಟು ಅಭಿಪ್ರಾಯ ಕೇಳುವುದರ ಜೊತೆಗೆ, ಡಂಜನ್‌ಗೆ ಮೊದಲ ಬಾರಿ ಕಾಲಿಡುವವರ ಗೇರ್ ತೊಡಿಸಿದ ಪಾತ್ರಗಳನ್ನೂ ಕೊಡಿ. ಹೀಲರ್‌ಗಳ ಮಂತ್ರದ ಬೆಲೆಯನ್ನೂ ಬಾಸ್‌ನ ಪೆಟ್ಟನ್ನೂ ಒಂದೇ ದಿನ ಏರಿಸಬೇಡಿ. ಏರಿಸಲೇಬೇಕಾದರೆ ನಡುವೆ ಕೆಲವು ವಾರ ಬಿಡಿ, ಯಾವುದರಿಂದ ಏನಾಯಿತು ಎಂದು ನಿಮಗೂ ತಿಳಿಯುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬೇಕಾದದ್ದು ಇನ್ನೊಂದಿದೆ. ಕಾಳಗ ಮುಗಿದ ಮೇಲೆ ಪರದೆಯಲ್ಲಿ ಯಾರು ಎಷ್ಟು ದಾಳಿ ಮಾಡಿದರು ಎಂದು ಎಲ್ಲರಿಗೂ ಕಾಣುತ್ತದೆ. ತಪ್ಪಿಸಿಕೊಳ್ಳಬಹುದಾಗಿದ್ದ ಪೆಟ್ಟುಗಳನ್ನು ತಿಂದು ಯಾರು ಎಷ್ಟು ಮಾನಾ ಖರ್ಚು ಮಾಡಿಸಿದರು ಎಂಬುದೂ ಕಾಣಲಿ. ಎಲ್ಲರ ಮುಂದೆ ಬೇಡ, ಅವಮಾನವಾಗುತ್ತದೆ. ಆಯಾ ಆಟಗಾರರಿಗೆ ಮಾತ್ರ ಕಾಣುವಂತೆ ಇರಲಿ. "ನೀವು ಬೆಂಕಿಯಲ್ಲಿ ನಿಂತಿದ್ದಕ್ಕೆ ಹೀಲರ್‌ನ ಮಾನಾದಲ್ಲಿ ಇಷ್ಟು ಪಾಲು ಹೋಯಿತು" ಎಂದು ಆಟವೇ ಮೆಲ್ಲಗೆ ತಿಳಿಸಿದರೆ ನಾವು ಚಾಟ್‌ನಲ್ಲಿ ವಾದಿಸಬೇಕಾಗಿ ಬರುವುದಿಲ್ಲ. ಮಾನಾ ಇಡೀ ಗುಂಪಿನ ಸೊತ್ತು, ಆದರೆ ಅದರ ಪಟ್ಟಿ ಹೀಲರ್ ಹೆಸರಿನ ಕೆಳಗೆ ಮಾತ್ರ ಇದೆ. ಇದು ಬದಲಾದ ದಿನ, ಮಾನಾ ಎಷ್ಟೇ ಬಿಗಿಯಾದರೂ ನಾವು ದೂರುವುದಿಲ್ಲ. ಬಿಗಿಯಾದ ಮಾನಾವನ್ನು ಸಂತೋಷದಿಂದ ನಿಭಾಯಿಸುತ್ತೇವೆ.

ಸಾಮಾನ್ಯ ಗೇರ್‌ನ ಪಾತ್ರಗಳೊಂದಿಗೆ ಪರೀಕ್ಷಾ ಸರ್ವರ್ ತೆರೆದರೆ ಅಲ್ಲಿ ಆಡಿ, ದಾಖಲೆ ಇಟ್ಟು, ನಿಮಗೆ ವರದಿ ಕಳಿಸಲು ನನ್ನಂಥ ಹೀಲರ್‌ಗಳು ಸಿದ್ಧರಿದ್ದೇವೆ. ನಿಮ್ಮ ಮುಂದಿನ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತೇನೆ.

ಇತಿ,
ಹೀಲರ್ ಪಾತ್ರವನ್ನೇ ಆರಿಸಿಕೊಂಡಿರುವ ಒಬ್ಬ ಆಟಗಾರ